ಕೊನೆಯ ಸೈಕಲ್ಲಿಗೆ ಕಾಯುವ ರೇಲೀನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾರ್ಲನ್ಸ್ ಗ್ಯಾಪ್‌ನ ಹಳೆಯ ಸಮುದಾಯ ಭವನದ ಜಗಲಿಯಲ್ಲಿ ರೇಲೀನ್ ಟೂಯಿ, ಮಡಚಲು ಬಾರದ ಬಲಗಾಲನ್ನು ಹಾಲಿನ ಕ್ರೇಟಿನ ಮೇಲೆ ಚಾಚಿಕೊಂಡು ಕೂತಿದ್ದಾರೆ. ತೊಡೆಯ ಮೇಲೆ ಅಂಗೈಯಗಲದ ರೇಡಿಯೊ, ಪಕ್ಕದಲ್ಲಿ ಊರುಗೋಲು, ಕೈಯಲ್ಲಿ ಹಬೆಯಾಡುವ ಚಹಾ. ಕಣಿವೆಯ ತುಂಬ ಮಂಜು. ಕೆಳಗೆ ಹೊಳೆ ಎಲ್ಲಿ, ರಸ್ತೆ ಎಲ್ಲಿ, ಒಂದೂ ಕಾಣದು. ರೇಲೀನ್ ಆ ಕಡೆ ನೋಡುತ್ತಲೂ ಇಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಾರೆ.

“ಸ್ವಲ್ಪ ಬಾಯಿ ಮುಚ್ಚು ಮಾರಾಯ,” ನಾನು ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಗದರುತ್ತಾರೆ. “ಈಗ ಹಲಗೆ ಸದ್ದು ಬರೋ ಹೊತ್ತು.”

ಬಂದೇಬಿಡುತ್ತದೆ. ದೂರದಲ್ಲಿ, ಕೆಳಗೆ, ಬಿಲ್ಲಿ ಹೊಳೆಯ ಮರದ ಸೇತುವೆಯ ಸಡಿಲ ಹಲಗೆಗಳು ಕಟಕಟ ಎನ್ನುತ್ತವೆ. ಸದ್ದು ನಿಂತಿತು ಎನ್ನುವಷ್ಟರಲ್ಲಿ ಮತ್ತೊಂದು ಸುತ್ತು ಕಟಕಟ. ವೆಲ್ಬಿ ಊರಿನ ಶನಿವಾರದ ಸೈಕಲ್ ಗುಂಪು ಹೊಳೆ ದಾಟಿ ಬೆಟ್ಟದ ಬುಡಕ್ಕೆ ಬಂದಿದೆ. ರೇಲೀನ್ ಕಣ್ಣು ಬಿಟ್ಟು ರೇಡಿಯೊ ಎತ್ತಿಕೊಳ್ಳುತ್ತಾರೆ.

“ಬ್ರಾಮ್, ಹುಡುಗ್ರು ಸೇತುವೆ ದಾಟಿದ್ರು. ಇಳೀಬೇಡ. ಭವನದ ಹತ್ರ ಬಂದು ನಿಲ್ಲು.”

ಗುಡ್ಡದ ನೆತ್ತಿಯ ಡೇರಿಯಲ್ಲಿ ಹಾಲು ತುಂಬಿಕೊಳ್ಳುತ್ತಿರುವ ಟ್ಯಾಂಕರ್ ಚಾಲಕ ಬ್ರಾಮ್ ಕೈಪರ್‌ನ ದನಿ ಗೊರಗೊರ ಎನ್ನುತ್ತ ಬರುತ್ತದೆ. “ಅಪ್ಪಣೆ, ಮಹಾರಾಣಿ. ನಂಗೊಂದು ಸ್ಕೋನ್ ಎತ್ತಿಟ್ಟಿರು. ಹೋದ ವಾರ ಆ ಚಡ್ಡಿ ಸೈನ್ಯ ತಟ್ಟೆ ನೆಕ್ಕಿ ಹೋಗಿತ್ತು.”

“ಬೇಗ ಬಂದ್ರೆ ಸ್ಕೋನ್ ಸಿಗುತ್ತೆ. ತಡ ಮಾಡಿದ್ರೆ ಜಾಮ್ ಬಾಟ್ಲಿ ಮೂಸ್ಕೊಂಡು ಹೋಗು.”

ನಮ್ಮ ಸ್ಟ್ರೆಜ್‌ಲೆಕಿ ಬೆಟ್ಟಗಳ ಸೈಕಲ್ ದಾರಿಗಳ ಬಗ್ಗೆ ಬರೆದವರಿಗೇನೂ ಬರವಿಲ್ಲ. ಗ್ಯಾಪ್ ರಸ್ತೆ ಎಂದರೆ ಅವರಿಗೆಲ್ಲ ಬಾಯಲ್ಲಿ ನೀರು. ಏರು ಎಷ್ಟು ಕಡಿದು, ಮರದೆತ್ತರದ ಜರಿಗಿಡಗಳು ಎಷ್ಟು ಹಸಿರು, ನೆತ್ತಿಯಿಂದ ಕಡಲು ಹೇಗೆ ಕಾಣುತ್ತದೆ, ಯಾವ ಹಲ್ಲಿನ ಗೇರು ಹಾಕಬೇಕು, ಎಲ್ಲ ಬರೆಯುತ್ತಾರೆ. ಈ ರಸ್ತೆಯ ಒಂದು ಕಡೆ ಕಲ್ಲುಗೋಡೆ, ಇನ್ನೊಂದು ಕಡೆ ಕಮರಿ. ಹಾಲಿನ ಟ್ಯಾಂಕರ್ ಇಳಿಯುವಾಗ ಅದರ ಪಕ್ಕದಲ್ಲಿ ಒಂದು ಬೆಕ್ಕು ನುಸುಳುವಷ್ಟೂ ಜಾಗವಿರುವುದಿಲ್ಲ. ಅದನ್ನು ಬರೆಯುವುದಿಲ್ಲ. ಅದನ್ನು ಬರೆದರೆ ಜಗಲಿಯ ಮೇಲೆ ಕೂತ ಈ ಹೆಂಗಸಿನ ಬಗ್ಗೆಯೂ ಬರೆಯಬೇಕಾಗುತ್ತದೆ. ನಾನೂ ವರ್ಷಗಟ್ಟಲೆ ಈ ಬೆಟ್ಟ ಹತ್ತಿದವನು. ಶನಿವಾರ ಮಧ್ಯಾಹ್ನ ಮನೆಗೆ ಹೋಗಿ ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಕೂತಿದ್ದೇನೆ ಎಂದರೆ ಅದು ಈ ರೇಡಿಯೊದ ಕೃಪೆ. ಇವತ್ತು ಅದನ್ನು ಹೇಳಿಬಿಡಬೇಕೆಂದೇ ಸೈಕಲ್ ಬಿಟ್ಟು ಕಾರಿನಲ್ಲಿ, ಕತ್ತಲಲ್ಲೇ ಮೇಲೆ ಬಂದಿದ್ದೇನೆ.

ರೇಲೀನ್ ಅವರ ಕೆಲಸದ ಹೆಸರು ಭವನದ ಕಾವಲುಗಾರ್ತಿ. ಕಸ ಗುಡಿಸುವುದು, ಶೌಚಾಲಯ ತೊಳೆಯುವುದು, ಮಳೆನೀರಿನ ತೊಟ್ಟಿಗೆ ಬಿದ್ದ ಪೋಸಮ್ ಪ್ರಾಣಿಯನ್ನು ತೆಗೆಯುವುದು, ಮದುವೆ ತಿಥಿಗಳಿಗೆ ಕುರ್ಚಿ ಹಾಕುವುದು. ಅದಕ್ಕೆ ಸಂಬಳವಿದೆ, ಹಿಂದೆ ಒಂದು ಕೋಣೆಯೂ ಇದೆ. ರೇಡಿಯೊ ಕೆಲಸಕ್ಕೆ ಹೆಸರೂ ಇಲ್ಲ, ಸಂಬಳವೂ ಇಲ್ಲ. ಶನಿವಾರ ಭಾನುವಾರ ಬೆಳಗಾಗುವ ಮೊದಲೇ ಎದ್ದು, ಸ್ಕೋನ್ ಎಂಬ ಮೆತ್ತನೆ ಬನ್ನು ಬೇಯಲು ಹಾಕಿ, ಜಗಲಿಗೆ ಬಂದು ಕೂರುತ್ತಾರೆ. ಕೆಳಗಿನಿಂದ ಸೈಕಲ್ಲು ಹತ್ತುತ್ತಿದ್ದರೆ ಮೇಲಿನ ಟ್ಯಾಂಕರ್ ನಿಲ್ಲಬೇಕು. ಕೊನೆಯ ಸೈಕಲ್ಲು ಭವನ ಮುಟ್ಟಿದ ಮೇಲೆ ಟ್ಯಾಂಕರ್ ಇಳಿದು, ಸೇತುವೆಯ ಈಚೆಯಿಂದಲೇ ಹಾಲಿನ ಕಾರ್ಖಾನೆಯ ಕಡೆ ತಿರುಗಿಕೊಳ್ಳುತ್ತದೆ. ಸುತ್ತು ಬಳಸಿ ಹೋಗೋಣವೆಂದರೆ ಆ ದಾರಿಯ ಸೇತುವೆ ತುಂಬಿದ ಟ್ಯಾಂಕರಿನ ಭಾರ ತಡೆಯದು.

ಕಮರಿಯಲ್ಲಿ ಫೋನ್ ಸತ್ತಂತೆ. ರೇಡಿಯೊ ಕೂಡ ಭವನದಿಂದ ಕೆಳಗೆ ಕಲ್ಲುಕ್ವಾರಿಯ ತಿರುವಿನವರೆಗೆ ಮಾತ್ರ ಕೇಳುತ್ತದೆ. ತಿರುವು ದಾಟಿದರೆ ಬೆಟ್ಟ ಮಾತನ್ನೆಲ್ಲ ನುಂಗಿಬಿಡುತ್ತದೆ. ಹೊರಟ ಟ್ಯಾಂಕರನ್ನು ನಿಲ್ಲಿಸಬೇಕೆಂದರೆ ಕ್ವಾರಿಯ ತಿರುವಿಗೆ ಮೊದಲೇ ನಿಲ್ಲಿಸಬೇಕು, ಆಮೇಲೆ ದೇವರೇ ಗತಿ.

“ಒಬ್ಬೊಬ್ಬರನ್ನೂ ಎಣಿಸಬಾರದಾ?” ಎಂದು ಕೇಳುತ್ತೇನೆ.

“ಎಣಿಸಿ ನೋಡಿದೀನಿ ಚಿನ್ನ. ಸೇತುವೆ ಹತ್ರ ಇನ್ಯಾರೋ ಬಂದು ಸೇರ್ಕೊತಾರೆ. ಅರ್ಧ ಹತ್ತಿ ಇನ್ಯಾರಿಗೋ ಉಸಿರು ಸಿಕ್ಕಿಹಾಕ್ಕೊಂಡು ವಾಪಸ್ ಹೋಗ್ತಾನೆ. ಎಷ್ಟು ಜನ ಅನ್ನೋದು ನಂಗೆ ಬೇಡ. ಕೊನೆಯವನು ಯಾರು ಅಂತ ಗೊತ್ತಾದ್ರೆ ಸಾಕು.”

ಅದಕ್ಕೇ ಗಂಟೆ. ಜಗಲಿಯ ಕಂಬಕ್ಕೆ ತೂಗುಹಾಕಿದ ಹಿತ್ತಾಳೆ ಗಂಟೆ, ಗ್ಯಾಪ್‌ನಲ್ಲಿ ಒಂದು ಕಾಲಕ್ಕೆ ಇದ್ದ ಒಂದೇ ಕೋಣೆಯ ಶಾಲೆಯದು. ಬೆಟ್ಟ ಹತ್ತಿ ಬಂದವರಲ್ಲಿ ಕೊನೆಯವನು ಹಗ್ಗ ಎಳೆಯಬೇಕು. ನನ್ನ ಹಿಂದೆ ಯಾರೂ ಇಲ್ಲ ಎಂದು ಅದರ ಅರ್ಥ. ಗಂಟೆ ಕೇಳಿದ ಮೇಲೆ ರೇಲೀನ್ ರೇಡಿಯೊದಲ್ಲಿ ಎರಡೇ ಶಬ್ದ ಹೇಳುತ್ತಾರೆ: “ಬೆಟ್ಟ ಖಾಲಿ.” ಬ್ರಾಮ್ ಭವನದ ಮುಂದೆಯೇ ನಿಂತಿದ್ದರೂ, ಎರಡು ಮಾರು ದೂರದಲ್ಲಿ ಸ್ಕೋನ್ ಅಗಿಯುತ್ತಿದ್ದರೂ, ರೇಡಿಯೊದಲ್ಲೇ ಹೇಳಬೇಕು. ಅದಿಲ್ಲದೆ ಅವನು ಕೀಲಿ ತಿರುಗಿಸುವುದಿಲ್ಲ.

ಕಮರಿಯಲ್ಲಿ ಒಂದು ಲೈರ್ ಹಕ್ಕಿಯಿದೆ, ಕೇಳಿದ್ದನ್ನೆಲ್ಲ ಅಣಕಿಸುವ ಜಾತಿ. ಮರ ಕೊಯ್ಯುವ ಗರಗಸ, ನಾಯಿ ಬೊಗಳುವುದು, ಬ್ರಾಮ್‌ನ ಹಾರ್ನು ಎಲ್ಲ ಅದಕ್ಕೆ ಬಾಯಿಪಾಠ. “ಅದು ಗಂಟೆ ಕಲಿತ ದಿನ ನನ್ನ ಕೆಲಸ ಹೋಯ್ತು,” ಎಂದು ರೇಲೀನ್ ನಗುತ್ತಾರೆ.

ಎಷ್ಟೋ ವರ್ಷ ಆ ಗಂಟೆಗೆ ಒಬ್ಬನೇ ವಾರಸುದಾರ. ವೆಲ್ಬಿಯ ನಿವೃತ್ತ ಕಟುಕ ಮರ್ವ್ ಲಿಂಗಾರ್ಡ್. ಎತ್ತರದ ಆಳು, ಭಾರದ ಮೈ, ತಂದೆಯ ಕಾಲದ ಕಬ್ಬಿಣದ ಸೈಕಲ್ಲು, ಚಳಿಯಿರಲಿ ಸೆಕೆಯಿರಲಿ ಮೊಣಕಾಲವರೆಗೆ ಕಂದು ಉಣ್ಣೆಯ ಕಾಲುಚೀಲ. ಮರ್ವ್ ಹತ್ತುವುದನ್ನು ನೋಡಿದರೆ ಮುಂದೆ ಹೋಗುತ್ತಿದ್ದಾರೋ ಹಿಂದೆ ಬರುತ್ತಿದ್ದಾರೋ ಎಂದು ಅನುಮಾನ ಬರಬೇಕು. ನಾವೆಲ್ಲ ಒಂದು ಲೋಟ ಚಹಾ ಮುಗಿಸಿ ಎರಡನೆಯದಕ್ಕೆ ಕೈಚಾಚುವಾಗ ಗಂಟೆ ಬಾರಿಸುತ್ತಿತ್ತು. “ಬಂತಪ್ಪಾ ಗೂಡ್ಸ್ ಗಾಡಿ!” ಎಂದು ಯಾರಾದರೂ ಕೂಗುತ್ತಿದ್ದರು. ಮರ್ವ್ ಬೆವರು ಒರೆಸಿಕೊಳ್ಳುತ್ತ, “ನಾನಿಲ್ದಿದ್ರೆ ನಿಮ್ಮಲ್ಲೊಬ್ಬ ಕೊನೆಯವನಾಗ್ಬೇಕಿತ್ತು, ಥ್ಯಾಂಕ್ಸ್ ಹೇಳ್ರೋ,” ಎನ್ನುತ್ತಿದ್ದರು.

ಥ್ಯಾಂಕ್ಸ್ ಹೇಳಬೇಕಾದ ದೊಡ್ಡ ಕಾರಣವೊಂದು ರೇಲೀನ್ ಅವರಿಗೂ ಇದೆ. ಮೊದಲು ಆ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವರು ಅವರೇ. ಒಂದು ಚಳಿಗಾಲದ ಬೆಳಿಗ್ಗೆ ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಕಟ್ಟಿತ್ತು. ಕ್ವಾರಿಯ ಕೆಳಗೆ ಗಾಲಿ ಜಾರಿ, ತುಂಬಿದ ಟ್ಯಾಂಕರ್ ಜರಿಗಿಡಗಳ ನಡುವೆ ಕಮರಿಗೆ ಒರಗಿತು. ಕಾಲು ಸ್ಟೀರಿಂಗಿನ ಕೆಳಗೆ ಸಿಕ್ಕಿಕೊಂಡಿತು. ರೇಡಿಯೊ ಅಲ್ಲಿ ಕೇಳದು.

“ಮೇಲೆ ರಸ್ತೇಲಿ ಸೈಕಲ್ಲುಗಳು ಹೋಗ್ತಾ ಇದ್ವು. ಚೈನಿನ ಸರ್‌ ಸದ್ದು ನಂಗೆ ಕೇಳ್ತಿತ್ತು. ಕೂಗ್ದೆ, ಕೂಗ್ದೆ. ಅವರಿಗೆ ಅವರ ಏದುಸಿರೇ ಜಾಸ್ತಿ, ನನ್ನ ದನಿ ಎಲ್ಲಿ ಕೇಳ್ಬೇಕು? ಎಲ್ಲಾ ಹೋದ್ರು. ಸುಮ್ಮನಾಯ್ತು. ಅಷ್ಟೇ ಕಣೇ ರೇ, ಇನ್ನು ಮುಗೀತು ಅನ್ಕೊಂಡೆ. ಆಮೇಲೆ ಮೇಲಿಂದ ಒಂದು ದನಿ: ‘ಇದೇನು ಚರಂಡೀಲಿ ಹಾಲು ಹರೀತಿದೆ?’”

ಮರ್ವ್‌ ಅವರ ದನಿ. ಮುಂದೆ ಹೋದವರೆಲ್ಲ ಅದೇ ಚರಂಡಿಯ ಪಕ್ಕದಲ್ಲೇ ಹೋಗಿದ್ದರು. ಅವರಿಗೆ ಕಾಣಲಿಲ್ಲ. ಮರ್ವ್ ಅಷ್ಟು ನಿಧಾನ ಇದ್ದುದರಿಂದ ಕಂಡಿತು. ಜರಿಗಿಡ ಹಿಡಿದುಕೊಂಡು ಕಮರಿಗಿಳಿದು, ಸೈಕಲ್ ಗಾಲಿಯ ಟ್ಯೂಬ್ ಬಿಚ್ಚಿ, ರಕ್ತ ಸುರಿಯುತ್ತಿದ್ದ ತೊಡೆಗೆ ಬಿಗಿದು ಕಟ್ಟಿದರು. “ಇಷ್ಟು ದಿನ ಕುರಿ ಕಾಲೇ ಕಟ್ಟಿದ್ದೆ, ನಿಂದು ಸ್ವಲ್ಪ ದಪ್ಪ,” ಅಂದರಂತೆ. ಆ ನೋವಿನಲ್ಲೂ ತನಗೆ ನಗು ಬಂತು ಎನ್ನುತ್ತಾರೆ ರೇಲೀನ್. ಜೀವ ಉಳಿಯಿತು, ಕಾಲೂ ಉಳಿಯಿತು, ಮಂಡಿ ಮಾತ್ರ ಮತ್ತೆ ಮಡಚಲಿಲ್ಲ. ಲಾರಿ ಬಿಟ್ಟು ಭವನದ ಕೆಲಸಕ್ಕೆ ಬಂದರು. ಬಂದ ಮೊದಲ ವಾರವೇ ಅಟ್ಟದಲ್ಲಿದ್ದ ಗಂಟೆ ಇಳಿಸಿ, ಹುಣಸೆಹಣ್ಣು ಸಿಗದ ಈ ಊರಿನಲ್ಲಿ ವಿನಿಗರ್ ಹಾಕಿ ತಿಕ್ಕಿ, ಕಂಬಕ್ಕೆ ಕಟ್ಟಿದರು.

“ಕೊನೆಯವನಿಗೆ ಒಂದು ಮರ್ಯಾದೆ ಬೇಡ್ವಾ?” ಎಂದು ಕೇಳುತ್ತಾರೆ. “ನನ್ನ ಪಾಲಿಗೆ ಬಂದವನು ಕೊನೆಯವನೇ.”

ಕಳೆದ ವಸಂತದ ಒಂದು ಶನಿವಾರ ಆ ಮರ್ಯಾದೆಯೇ ಎಡವಟ್ಟಾಯಿತು. ಗುಂಪಿನಲ್ಲಿ ಎಲ್ಲರಿಗಿಂತ ವೇಗದವಳು ಪಿಪ್ ಅಲ್ಡ್ರಿಜ್, ವೆಲ್ಬಿ ಶಾಲೆಯ ಮೇಡಂ. ದಿನಾ ಮೊದಲು ಮೇಲೆ ಬರುವವಳು ಅವಳೇ. ಬಂದವಳೇ ಬೆಟ್ಟಕ್ಕೆಲ್ಲ ಕೇಳುವಂತೆ “ರೇ, ಕೆಟಲ್ ಇಡು!” ಎಂದು ಕೂಗುವುದು ಅವಳ ಪದ್ಧತಿ. ಆ ದಿನ ಅರ್ಧ ದಾರಿಯಲ್ಲಿ ಅವಳಿಗೆ ಹೊಟ್ಟೆ ಕೈಕೊಟ್ಟಿತು. ಯಾರಿಗೂ ಹೇಳಲು ನಾಚಿಕೆ. ಸೈಕಲ್ಲನ್ನೂ ಜೊತೆಗೆಳೆದುಕೊಂಡು ಜರಿಗಿಡಗಳ ಹಿಂದೆ ಮರೆಯಾದಳು. ಹಿಂದಿದ್ದವರೆಲ್ಲ ಅವಳು ಎಂದಿನಂತೆ ಮುಂದೆ ಹೋಗಿದ್ದಾಳೆ ಎಂದುಕೊಂಡು ದಾಟಿದರು. ಮರ್ವ್ ಕೂಡ ದಾಟಿದರು. ಭವನ ಮುಟ್ಟಿದವರೇ, ಎಂದೂ ಹಿಂದೆ ತಿರುಗಿ ನೋಡಿ ಅಭ್ಯಾಸವಿಲ್ಲದವರು, ಹಗ್ಗ ಎಳೆದರು. ಜೀವಮಾನದಲ್ಲಿ ಮೊದಲ ಸಲ ಅವರು ಕೊನೆಯವರಾಗಿರಲಿಲ್ಲ.

ಬೆಟ್ಟ ಖಾಲಿ ಎಂದರು ರೇಲೀನ್. ಬ್ರಾಮ್ ಹೊರಟ.

“ಟೀ ಬಗ್ಗಿಸ್ತಾ ಇದ್ದೆ,” ರೇಲೀನ್ ನೆನೆಯುತ್ತಾರೆ, ದನಿ ತಗ್ಗುತ್ತದೆ. “ಏನೋ ಸರಿಯಿಲ್ಲ ಅನ್ಸ್ತು. ಏನು ಅಂತ ಗೊತ್ತಾಗ್ಲಿಲ್ಲ. ಕೆಟಲ್ ಕೆಳಗಿಟ್ಟೆ. ಆಗ ಹೊಳೀತು, ಕೆಟಲ್ ಇಡು ಅಂತ ಇವತ್ತು ನಂಗ್ಯಾರೂ ಹೇಳೇ ಇಲ್ವಲ್ಲ!”

ಮಡಚದ ಕಾಲೆಳೆದುಕೊಂಡು ಜಗಲಿಗೆ ಓಡಿ ರೇಡಿಯೊದಲ್ಲಿ ಕಿರುಚಿದರು. ಕ್ವಾರಿಯ ತಿರುವಿಗೆ ಇನ್ನೇನು ಗಾಲಿ ತಾಗಬೇಕು, ಬ್ರಾಮ್ ಬ್ರೇಕ್ ಒತ್ತಿದ. ಅವನನ್ನೇ ಕೇಳಿದರೆ, “ಅವಳು ‘ಬ್ರಾಮ್’ ಅಂದ ದನೀಲೇ ನನ್ನ ಕಾಲು ಬ್ರೇಕ್ ಮೇಲಿತ್ತು, ಉಳಿದ ಮಾತು ಆಮೇಲೆ ಕೇಳಿಸ್ಕೊಂಡೆ,” ಎನ್ನುತ್ತಾನೆ. ಟ್ಯಾಂಕರ್ ಇನ್ನೂ ಅಲ್ಲಾಡುತ್ತಿರುವಾಗಲೇ ತಿರುವಿನಿಂದ ಪಿಪ್ ಬಂದಳು, ತಲೆ ತಗ್ಗಿಸಿಕೊಂಡು, ತಡವಾಯಿತೆಂದು ಜೋರಾಗಿ ತುಳಿಯುತ್ತ. ಅವಳ ಮುಂದಿನ ಗಾಲಿ ಬಂಪರಿಗೆ ಮೆತ್ತಗೆ ತಗುಲಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಮರ್ವ್‌ ಅವರಿಗೆ ಆಯಿತು. ಜಗಲಿಯ ಮೆಟ್ಟಿಲ ಮೇಲೆ ಕೂತು, “ಅವತ್ತು ಕಮರೀಲಿ ಬಿದ್ದ ಲಾರಿ ಕಂಡಿತ್ತು ನಂಗೆ. ಒಂದು ಸೈಕಲ್ ಕಾಣ್ಲಿಲ್ವಲ್ಲ,” ಎಂದರು. ಅಷ್ಟೇ. ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ನಡೆದರು, ಹತ್ತಲಿಲ್ಲ. ಆಮೇಲಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಬೇಸಿಗೆ ಬಂದು ಹೋಯಿತು.

ರೇಲೀನ್ ಹೊಸ ನಿಯಮವೊಂದನ್ನು ಮಾಡಿದರು. ಬೆಟ್ಟದ ದಾರಿಯಲ್ಲಿ ಯಾರು ಯಾವ ಕಾರಣಕ್ಕೆ ಪೊದೆಗೆ ಹೋದರೂ ರಸ್ತೆಬದಿಯ ಕಂಬಕ್ಕೆ ಹೆಲ್ಮೆಟ್ ಸಿಕ್ಕಿಸಿ ಹೋಗಬೇಕು. “ಹೊಟ್ಟೆ ಎಲ್ಲರಿಗೂ ಇದೆ, ಅದಕ್ಕೆ ನಾಚ್ಕೊಂಡು ಸಾಯ್ಬೇಡಿ,” ಎಂದು ಚಹಾದ ಮೇಜಿನ ಮುಂದೆ ಭಾಷಣ ಮಾಡಿದರು. ಮೊದಮೊದಲು ಮುಸಿಮುಸಿ ನಕ್ಕೆವು. ಈಗ ಕಂಬದ ಮೇಲೆ ಹೆಲ್ಮೆಟ್ ಕಂಡರೆ ಯಾರೂ ನಗುವುದಿಲ್ಲ. ಹಿಂದೆ ಬಂದವನು ಅಲ್ಲೇ ನಿಂತು ಕಾಯುತ್ತಾನೆ, ಸುಮ್ಮನೆ ಆಕಾಶ ನೋಡುತ್ತ.

ಗಂಟೆಯನ್ನು ಮಾತ್ರ ಬೇರೆ ಯಾರ ಕೈಗೂ ಕೊಡಲಿಲ್ಲ. ಸರದಿಯ ಮೇಲೆ ಬಾರಿಸುತ್ತೇವೆ ಎಂದೆವು, ಬೇಡ ಎಂದರು. ಈಗ ಪ್ರತಿ ಶನಿವಾರ ಊರುಗೋಲು ಹಿಡಿದು ತಾವೇ ಕ್ವಾರಿಯ ತಿರುವಿನವರೆಗೆ ಇಳಿದು ಹೋಗಿ, ಕೆಳಗಿನ ಇಡೀ ರಸ್ತೆಯನ್ನು ಕಣ್ಣಾರೆ ನೋಡಿ, ಅಲ್ಲಿಂದಲೇ ಬ್ರಾಮ್‌ಗೆ ಹೇಳಿ, ಮತ್ತೆ ಹತ್ತಿ ಬರುತ್ತಾರೆ. ಆ ಮಂಡಿ ಇಟ್ಟುಕೊಂಡು. ಬಂದು ಕೂತಾಗ ತುಟಿ ಬಿಳಿಚಿರುತ್ತದೆ. ನಾವು ಯಾರಾದರೂ ಹೋಗುತ್ತೇವೆಂದರೆ, “ನಿಮ್ಮ ಕಣ್ಣು ನಂಗೆ ಗೊತ್ತು. ಹಾಲು ಹರಿದ್ರೂ ಕಾಣದವು,” ಎಂದು ಬಾಯಿ ಮುಚ್ಚಿಸುತ್ತಾರೆ.

ಇನ್ನು ಕೆಲವೇ ವಾರಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವ ಕಾಲ. ಆಗ ಆ ಇಳಿಜಾರಿನಲ್ಲಿ ಊರುಗೋಲು ನಿಲ್ಲುವುದಿಲ್ಲ, ಅದು ಅವರಿಗೂ ಗೊತ್ತು. ನಡೆಯಲಾಗದಿದ್ದರೆ ಬೆಟ್ಟ ಖಾಲಿ ಎಂದು ಹೇಳುವವರಿಲ್ಲ. ಹೇಳುವವರಿಲ್ಲದಿದ್ದರೆ ಶನಿವಾರದ ಗ್ಯಾಪ್ ದಾರಿಯನ್ನು ನಾವು ಬಿಡಬೇಕು. ಬ್ರಾಮ್ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ: “ನಂಗೆ ಗಂಟೆ ಬೇಕು, ಇಲ್ಲಾ ರೇ ಬೇಕು. ಎರಡೂ ಇಲ್ದೆ ನಾನು ಇಳಿಯಲ್ಲ, ನೀವು ಹತ್ತಬೇಡಿ.”

ಮರ್ವ್‌ ಅವರಿಗೆ ರೇಲೀನ್ ಪ್ರತಿ ಶುಕ್ರವಾರ ಫೋನ್ ಮಾಡುತ್ತಾರೆ. ಒಂದು ವಾರ ಮರ್ವ್‌ ಅವರಿಗೆ ಸೊಂಟ ನೋವು, ಇನ್ನೊಂದು ವಾರ ಗಾಳಿ ಜಾಸ್ತಿ, ಮತ್ತೊಂದು ವಾರ ಕೋಳಿಗೂಡಿನ ಬಾಗಿಲು ರಿಪೇರಿ. “ಅವನ ಕೋಳಿಗೂಡಿಗೆ ಇಷ್ಟೊತ್ತಿಗೆ ಅರಮನೆ ಬಾಗಿಲು ಆಗಿರ್ಬೇಕು,” ಎಂದು ರೇಲೀನ್ ಗೊಣಗುತ್ತಾರೆ. ಬೇರೆಯವರನ್ನು ಗಂಟೆಗೆ ಇಟ್ಟುಕೊಂಡರೆ ಕಾಲಿಗೆ ಇಷ್ಟು ಕಷ್ಟವಿಲ್ಲವಲ್ಲ ಎನ್ನುತ್ತೇನೆ ನಾನು. ಅವರು ಗಂಟೆಯ ಹಗ್ಗದ ಕಡೆ ನೋಡುತ್ತಾರೆ.

“ಬೇರೆಯವರನ್ನ ಇಟ್ಕೊಂಡ್ರೆ, ನಿನ್ನ ತಪ್ಪಿಗೆ ನಿನ್ನ ಕಿತ್ತುಹಾಕಿದ್ವಿ ಅಂತ ಅವನಿಗೆ ಹೇಳಿದ ಹಾಗೆ ಆಗುತ್ತೆ. ಕಮರೀಲಿ ಬಿದ್ದಾಗ ಅವನು ನನ್ನ ಬಿಟ್ಟು ಹೋಗ್ಲಿಲ್ಲ. ನಾನು ಹೇಗೆ ಬಿಡ್ಲಿ?”

ಮಂಜಿನೊಳಗಿಂದ ಏದುಸಿರು ಕೇಳಿಸತೊಡಗುತ್ತದೆ. ಮೊದಲ ಹೆಲ್ಮೆಟ್ ಕಾಣುವ ಮುಂಚೆಯೇ ಕೂಗು: “ರೇ, ಕೆಟಲ್ ಇಡು!” ಪಿಪ್ ಬಂದಳು. ಹಿಂದೆಯೇ ಒಬ್ಬೊಬ್ಬರಾಗಿ ಉಳಿದವರು, ಮುಖ ಕೆಂಪಗೆ, ಕಾಲು ನಡುಗುತ್ತ. ಬ್ರಾಮ್‌ನ ಟ್ಯಾಂಕರ್ ಆಗಲೇ ಬಂದು ಭವನದ ಮುಂದೆ ನಿಂತಿದೆ. ಸ್ಕೋನಿನ ತಟ್ಟೆಗೆ ಕೈಗಳು ಬೀಳುತ್ತವೆ. ರೇಲೀನ್ ಊರುಗೋಲು ಎತ್ತಿಕೊಂಡು ಮೆಟ್ಟಿಲಿಳಿಯಲು ಹೊರಡುತ್ತಾರೆ. ಪಿಪ್ ಅಡ್ಡ ನಿಲ್ಲುತ್ತಾಳೆ.

“ಇವತ್ತು ನಡೀಬೇಡ, ರೇ. ಹಿಂದೆ ಒಬ್ಬ ಇದ್ದಾನೆ.”

“ಯಾರು?”

“ಕಾಲುಚೀಲ ನೋಡಿದ್ರೆ ಗೊತ್ತಾಗುತ್ತೆ.”

ರೇಲೀನ್ ಕೋಲು ಹಿಡಿದುಕೊಂಡೇ ಕೂತುಬಿಡುತ್ತಾರೆ. ಆಮೇಲೆ ಪಿಪ್ ನನಗೆ ಹೇಳಿದಳು: ವಾರವಾರವೂ ಶಾಲೆ ಬಿಟ್ಟ ಮೇಲೆ ಮರ್ವ್‌ ಅವರ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದಳಂತೆ. ಪೊದೆಗೆ ಹೋದವಳು ನಾನು, ನಾಚಿಕೊಂಡವಳು ನಾನು, ಕೋಳಿಗೂಡಿಗೆ ಬಿದ್ದವನು ನೀನು, ಇದ್ಯಾವ ನ್ಯಾಯ ಎಂದು ಜಗಳವಾಡುತ್ತಿದ್ದಳಂತೆ. ಮೊನ್ನೆ ಜಗಳವಾಡಲಿಲ್ಲ. ರೇಲೀನ್ ತಿರುವಿನಿಂದ ಮೇಲೆ ಹತ್ತಿ ಬರುವಾಗ ಹೇಗೆ ಕಾಣುತ್ತಾರೆ ಎಂದಷ್ಟೇ ಹೇಳಿ ಎದ್ದು ಬಂದಳಂತೆ.

ನಮ್ಮ ಚಹಾ ಮುಗಿಯುತ್ತದೆ. ಎರಡನೆಯ ಲೋಟಕ್ಕೆ ಕೈಚಾಚುವ ಹೊತ್ತಿಗೆ ಮಂಜಿನಿಂದ ಕಂದು ಕಾಲುಚೀಲ ಹೊರಬರುತ್ತದೆ. ಯಾರೂ ಗೂಡ್ಸ್ ಗಾಡಿ ಎನ್ನುವುದಿಲ್ಲ. ಮರ್ವ್ ಕಂಬದ ಹತ್ತಿರ ಕಾಲು ಊರಿ ನಿಂತು, ಗಂಟೆಯ ಹಗ್ಗ ಹಿಡಿಯುತ್ತಾರೆ. ಎಳೆಯುವುದಿಲ್ಲ. ಆ ದಪ್ಪ ಬೆರಳುಗಳು ಹಗ್ಗದ ಮೇಲೆ ಹಾಗೇ ನಿಂತಿವೆ.

“ರೇ,” ಎನ್ನುತ್ತಾರೆ. “ನನ್ನ ಹಿಂದೆ ಯಾರೂ ಇಲ್ಲ ತಾನೆ?”

ಇಲ್ಲ ಎಂದು ಹೇಳಲು ನಮ್ಮೆಲ್ಲರ ಬಾಯಿ ತೆರೆದಿತ್ತು. ರೇಲೀನ್ ಕೈಯೆತ್ತಿ ತಡೆಯುತ್ತಾರೆ.

“ನಂಗೇನು ಗೊತ್ತು? ನಾನು ಇಲ್ಲಿ ಕೂತಿದ್ದೆ. ಬೆಟ್ಟ ಹತ್ತಿದವನು ನೀನು.”

ಮರ್ವ್ ಹಗ್ಗ ಬಿಟ್ಟುಬಿಡುತ್ತಾರೆ. ಸೈಕಲ್ಲನ್ನು ತಿರುಗಿಸಿ, ಬಂದ ದಾರಿಯಲ್ಲೇ ಮಂಜಿನೊಳಗೆ ಇಳಿದುಹೋಗುತ್ತಾರೆ.

“ಅಯ್ಯೋ, ಹೋದ!” ಪಿಪ್ ಸೈಕಲ್ಲಿಗೆ ಕೈ ಹಾಕುತ್ತಾಳೆ. “ಇಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ರೇ? ಎಷ್ಟು ಕಷ್ಟಪಟ್ಟು ಕರ್ಕೊಂಡು ಬಂದಿದ್ದೆ!”

“ನಾನು ಹೇಳಿದ್ರೆ ಅವನು ನನ್ನ ಮಾತಿಗೆ ಬಾರಿಸ್ತಾನೆ. ಅವನ ಮಾತಿಗೆ ಅವನೇ ಬಾರಿಸ್ಬೇಕು. ಕೂತ್ಕೋ.”

ಗುಂಪಿನಲ್ಲಿ ಗುಸುಗುಸು. ಮನೆಗೆ ಹೋದ ಎಂದು ಕೆಲವರು, ನೋಡಿಕೊಂಡು ಬರಲು ಹೋದ ಎಂದು ಕೆಲವರು. “ಎಲ್ಲಾ ಸುಮ್ಮನಿರಿ,” ಎಂದು ಗದರಿ ರೇಲೀನ್ ಕಣ್ಣು ಮುಚ್ಚುತ್ತಾರೆ. ಆಗ ನಮಗೆ ಅರ್ಥವಾಗುತ್ತದೆ. ಸೇತುವೆಯ ಆಚೆ ದಡದಲ್ಲಿ ನೀರಿನ ನಲ್ಲಿಯಿದೆ, ಹಿಂದುಳಿದವರು ಯಾರಾದರೂ ಇದ್ದರೆ ಅಲ್ಲೇ ಇರುತ್ತಾರೆ. ನೋಡಲು ಹೋಗಿದ್ದರೆ ಹಲಗೆ ಎರಡು ಸಲ ಸದ್ದು ಮಾಡಬೇಕು, ಹೋಗುವಾಗ ಒಂದು, ಬರುವಾಗ ಒಂದು. ಒಂದೇ ಸಲವಾದರೆ ಮರ್ವ್ ಮನೆಗೆ ಹೋದರು, ಅಲ್ಲಿಗೆ ಗಂಟೆಯೂ ಮುಗಿಯಿತು, ಬೆಟ್ಟವೂ ಮುಗಿಯಿತು.

ಕಾಯುತ್ತೇವೆ. ಸ್ಕೋನ್ ಅಗಿಯುವುದನ್ನೂ ನಿಲ್ಲಿಸಿ ಬ್ರಾಮ್ ಕಾಯುತ್ತಾನೆ. ಕೆಳಗೆಲ್ಲೋ ಲೈರ್ ಹಕ್ಕಿ ನಾಯಿಯಂತೆ ಬೊಗಳುತ್ತದೆ, ಪಿಪ್ ಅದಕ್ಕೆ ಶಾಪ ಹಾಕುತ್ತಾಳೆ. ಆಮೇಲೆ, ದೂರದಲ್ಲಿ, ಕಟಕಟ.

ಒಂದು.

ಮತ್ತೆ ಏನೂ ಇಲ್ಲ. ಹೊಳೆಯ ಸದ್ದು, ನೀಲಗಿರಿ ಮರಗಳಿಂದ ಮಂಜಿನ ಹನಿ ತಗಡಿನ ಮಾಡಿನ ಮೇಲೆ ಬೀಳುವ ಸದ್ದು. ಪಿಪ್ ಮುಖ ಆ ಕಡೆ ತಿರುಗಿಸುತ್ತಾಳೆ. ಬ್ರಾಮ್ ಕೆಮ್ಮುತ್ತಾನೆ. ರೇಲೀನ್ ಅಲುಗುವುದಿಲ್ಲ, ಊರುಗೋಲಿನ ಮೇಲಿನ ಬೆರಳುಗಳು ಮಾತ್ರ ಬಿಳಿಚಿಕೊಂಡಿವೆ. ಇಷ್ಟು ಹೊತ್ತು ಬೇಕೇ ಒಂದು ನಲ್ಲಿ ನೋಡಲು ಎಂದು ನನಗೂ ಸಿಟ್ಟು ಬರುತ್ತದೆ. ಮರ್ವ್ ಯಾವ ಕೆಲಸವನ್ನು ಬೇಗ ಮಾಡಿದ್ದಾರೆ ಹೇಳಿ.

ಕಟಕಟ.

ರೇಲೀನ್ ಕಣ್ಣು ಬಿಡುತ್ತಾರೆ. ಕಣ್ಣು ತುಂಬಿದೆ. ನಾನು ಬರೆದುಕೊಳ್ಳುವುದನ್ನು ನೋಡಿ, “ಅದನ್ನೆಲ್ಲ ಹಾಕ್ಬೇಡ,” ಎನ್ನುತ್ತಾರೆ. ಹಾಕಿದ್ದೇನೆ, ಕ್ಷಮೆ ಇರಲಿ.

ಆ ವಯಸ್ಸಿನಲ್ಲಿ, ಆ ಭಾರದ ಸೈಕಲ್ಲಿನಲ್ಲಿ, ಒಂದೇ ಬೆಳಿಗ್ಗೆ ಗ್ಯಾಪ್ ಬೆಟ್ಟವನ್ನು ಎರಡನೆಯ ಸಲ ಹತ್ತುವುದೆಂದರೆ ಏನೆಂದು ಹತ್ತಿದವರಿಗೇ ಗೊತ್ತು. ನಮ್ಮಲ್ಲಿ ಯಾರೂ ಮಾಡಿದವರಲ್ಲ. ಟ್ಯಾಂಕರಿನಲ್ಲಿ ಹಾಲು ಕಾಯುತ್ತಿದೆ, ಕಾರ್ಖಾನೆಯಲ್ಲಿ ಬ್ರಾಮ್‌ಗೆ ಬೈಗುಳ ಕಾಯುತ್ತಿದೆ. ಅವನು ಬೂಟಿನ ದಾರ ಸಡಿಲಿಸಿ ಮೆಟ್ಟಿಲ ಮೇಲೆ ಕೂತಿದ್ದಾನೆ. ಮಂಜು ಹರಿದು ಬಿಸಿಲು ಬರುತ್ತದೆ. ಕೊನೆಗೆ ತಿರುವಿನಲ್ಲಿ ಮರ್ವ್ ಕಾಣಿಸುತ್ತಾರೆ, ಇಳಿದು ಸೈಕಲ್ ತಳ್ಳುತ್ತಿಲ್ಲ, ತುಳಿಯುತ್ತಲೇ ಇದ್ದಾರೆ. ಈ ಸಲ ದಾರಿಯುದ್ದಕ್ಕೂ ಅವರ ಕತ್ತು ಹಿಂದೆ ತಿರುಗುತ್ತಿದೆ.

ಕಂಬದ ಬಳಿ ಬಂದು ಹಗ್ಗ ಹಿಡಿಯುತ್ತಾರೆ. ಯಾರನ್ನೂ ಕೇಳುವುದಿಲ್ಲ. ಎಳೆಯುತ್ತಾರೆ.

ಅರ್ಧ ವರ್ಷ ಸುಮ್ಮನಿದ್ದ ಗಂಟೆ ಕಣಿವೆಗೆಲ್ಲ ಕೇಳುವಂತೆ ಬಾರಿಸುತ್ತದೆ. ರೇಲೀನ್ ರೇಡಿಯೊ ಎತ್ತಿ, ಎದುರಿಗೇ ಕೂತ ಬ್ರಾಮ್‌ನನ್ನು ನೋಡುತ್ತ, “ಬೆಟ್ಟ ಖಾಲಿ,” ಎನ್ನುತ್ತಾರೆ. ಅವನ ಸೊಂಟದ ರೇಡಿಯೊದಲ್ಲೂ ಅದೇ ಮಾತು ಕೇಳಿಸುತ್ತದೆ. ಬ್ರಾಮ್ ಎದ್ದು, ಮರ್ವ್‌ ಅವರ ಬೆವೆತ ಬೆನ್ನಿಗೊಂದು ಗುದ್ದು ಕೊಟ್ಟು, “ಗೂಡ್ಸ್ ಗಾಡಿ ಅಂದ್ರೆ ಗೂಡ್ಸ್ ಗಾಡಿ ಕಣೋ,” ಎಂದು ಟ್ಯಾಂಕರ್ ಹತ್ತುತ್ತಾನೆ. ಪಿಪ್ ಚಹಾ ತಂದು ಮರ್ವ್‌ ಅವರ ಕೈಗಿಡುತ್ತಾಳೆ. ತಣ್ಣಗಾಗಿದೆ, ಆದರೂ ಒಂದೇ ಗುಟುಕಿಗೆ ಕುಡಿಯುತ್ತಾರೆ.

ಇಂಥ ಲೇಖನಗಳ ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಇಷ್ಟು ವರ್ಷ ಇಷ್ಟು ಜನರನ್ನು ಮನೆ ಮುಟ್ಟಿಸಿದ್ದೀರಿ, ನಿಮಗೇನಾದರೂ ಆಸೆ ಇದೆಯೇ? ಹೊಸ ರೇಡಿಯೊ ಬೇಕೇ, ತಿರುವಿನಲ್ಲೊಂದು ಕನ್ನಡಿ ಬೇಕೇ?

ರೇಲೀನ್ ಊರುಗೋಲನ್ನು ಗೋಡೆಗೆ ಒರಗಿಸಿ, ಕಾಲನ್ನು ಮತ್ತೆ ಕ್ರೇಟಿನ ಮೇಲೆ ಚಾಚುತ್ತಾರೆ.

“ಮುಂದಿನ ಶನಿವಾರ ಅವನು ಒಂದೇ ಸಲ ಹತ್ಲಿ, ಸಾಕು,” ಎನ್ನುತ್ತಾರೆ. “ಟೀ ಆರಿಹೋಗುತ್ತೆ.”